ಗೂಬೆಯ ಬೆನ್ನ ಮೇಲಿನ 40 ಗ್ರಾಂ

ಪತ್ರ: ಹಿಮಗೂಬೆಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ, ಚಳಿಗಾಲದ ವಲಸೆಯಲ್ಲಿ ಅವು ಎಲ್ಲೆಲ್ಲಿ ಹೋಗುತ್ತವೆ ಎಂದು ನೋಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಮೂಕ ಹಕ್ಕಿಯನ್ನು ಬಲೆ ಹಾಕಿ ಹಿಡಿದು ಹೊರೆ ಹೊರಿಸುವುದು ಹಿಂಸೆಯಲ್ಲವೇ? ಅದರ ಪಾಡಿಗೆ ಅದನ್ನು ಬಿಡಬಾರದೇ? ಅಮೆರಿಕದ ಗೂಬೆ ಎಲ್ಲಿಗೆ ಹೋದರೆ ನಮಗೇನು?
— ನಿವೃತ್ತ ಶಿಕ್ಷಕರೊಬ್ಬರು, ಚಿಂತಾಮಣಿ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕಾಗದವನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಕಾಣದ ದೇಶದ ಹಕ್ಕಿಯ ನೋವಿಗೆ ಮರುಗಿ ಕಾಗದ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ನಿಮ್ಮ ಮನಸ್ಸು ದೊಡ್ಡದು. ಆದರೆ ಕನಿಕರ ಒಂದೇ ಸಾಲದು ಎಂದು ನಂಬಿದವನು ನಾನು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಮಾತಿನಲ್ಲಿ ನಿಜವೂ ಇದೆ. ಬಲೆಗೆ ಬಿದ್ದ ಹಕ್ಕಿ ಹೆದರುತ್ತದೆ. ಪಟ್ಟಿ ಸರಿಯಾಗಿ ಕೂರದಿದ್ದರೆ ಉಜ್ಜಿ ಗಾಯವಾಗಬಹುದು. ಪಳಗಿದ ಕೈಗಳು ಮಾತ್ರ ಮಾಡಬೇಕಾದ ಕೆಲಸ ಇದು. ಒಪ್ಪಿದೆ.

ಹೊರೆ ಎಂದಿರಲ್ಲ, ಅದರ ಲೆಕ್ಕ ನೋಡೋಣ. ಆ ಯಂತ್ರದ ತೂಕ ಸುಮಾರು 40 ಗ್ರಾಂ. ಹಿಮಗೂಬೆಯದು ಹೆಚ್ಚು ಕಡಿಮೆ 2 ಕಿಲೋ. ಹಕ್ಕಿಯ ತೂಕದ 100ಕ್ಕೆ 3 ಪಾಲು ಮೀರಬಾರದು ಎಂಬುದು ಈ ಕೆಲಸದವರ ಕಟ್ಟುಪಾಡು. ನಮ್ಮ ಮಕ್ಕಳ ಸ್ಕೂಲ್ ಬ್ಯಾಗಿಗೆ ಕೇಂದ್ರ ಸರ್ಕಾರ ಇಟ್ಟಿರುವ ಮಿತಿ 100ಕ್ಕೆ 10. ಅದನ್ನು ಎಷ್ಟು ಶಾಲೆಗಳು ಪಾಲಿಸುತ್ತಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಿಮಗೂಬೆ ಮರಿ ಮಾಡುವುದು ಉತ್ತರ ಧ್ರುವದ ಕಡೆ. 2013ರ ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಅವು ಹಿಂಡು ಹಿಂಡಾಗಿ ಇಳಿದವು. ದಕ್ಷಿಣದ ತುದಿಯ ಫ್ಲೋರಿಡಾದಲ್ಲೂ ಕಂಡವು. ಉತ್ತರದಲ್ಲಿ ಊಟ ಸಿಗದೆ, ಹಸಿದು ಸಾಯುತ್ತಾ ಬಂದಿವೆ ಎಂದು ಜನ ಮರುಗಿದರು. ಹಿಡಿದು ತೂಗಿ ನೋಡಿದರೆ ಹೆಚ್ಚಿನವು ಮೈ ತುಂಬಿಕೊಂಡಿದ್ದ ಮರಿಗೂಬೆಗಳು! ಆ ಬೇಸಿಗೆ ಕೆನಡಾದ ಉತ್ತರ ಕ್ವಿಬೆಕ್‌ನಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿ ವಿಪರೀತ ಹೆಚ್ಚಿತ್ತು. ಊಟ ಜಾಸ್ತಿ, ಅದಕ್ಕೇ ಮರಿಗಳೂ ಜಾಸ್ತಿ. ಅಂದರೆ ಅದು ಬರಗಾಲದ ಗುಳೆಯಲ್ಲ, ಸುಗ್ಗಿಯ ಫಲ. ಹಿಮಗೂಬೆಗಳಿಗೆ ಯಂತ್ರ ಕಟ್ಟುವ ಪ್ರಾಜೆಕ್ಟ್ ಸ್ನೋಸ್ಟಾರ್ಮ್ ಎಂಬ ಕೆಲಸ ಶುರುವಾಗಿದ್ದು ಆ ಡಿಸೆಂಬರ್‌ನಲ್ಲೇ. ಬಿಸಿಲಿನಿಂದ ಚಾರ್ಜ್ ಆಗುವ ಯಂತ್ರ ಹಕ್ಕಿ ಇದ್ದ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಮೊಬೈಲ್ ಟವರ್ ಸಿಕ್ಕಾಗ ಕಳುಹಿಸುತ್ತದೆ. ಉತ್ತರ ಧ್ರುವದ ಕಡೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಹಕ್ಕಿ ಮುಂದಿನ ಚಳಿಗಾಲಕ್ಕೆ ತಿರುಗಿ ಬಂದರೆ ಇಡೀ ಬೇಸಿಗೆಯ ಕಥೆಯನ್ನು ಒಟ್ಟಿಗೇ ಒಪ್ಪಿಸುತ್ತದೆ.

ಬಯಲಲ್ಲಿ ಇಲಿ ಹಿಡಿದುಕೊಂಡಿರುತ್ತದೆ ಎಂದುಕೊಂಡಿದ್ದ ಗೂಬೆ, ಹೆಪ್ಪುಗಟ್ಟಿದ ಎರೀ ಸರೋವರದ ನಡುವೆ ವಾರಗಟ್ಟಲೆ ಕೂತಿತ್ತು. ಮಂಜುಗಡ್ಡೆ ಬಿರುಕುಬಿಟ್ಟು ನೀರು ಕಾಣುವ ಕಡೆ ಬಾತುಕೋಳಿ ಹಿಡಿಯುತ್ತಿತ್ತು. ಕೆಲವು ರಾತ್ರಿ ಹೊತ್ತು ಸಮುದ್ರದ ಮೇಲೇ ಬೇಟೆಗೆ ಹೋಗುತ್ತಿದ್ದವು. ದಡದಲ್ಲಿ ಬೈನಾಕ್ಯುಲರ್ ಹಿಡಿದು ನಿಂತವನಿಗೆ ಇದು ಹೇಗೆ ಗೊತ್ತಾಗಬೇಕು?

ಇನ್ನೂ ದೊಡ್ಡದು ಎಣಿಕೆಯ ವಿಷಯ. ಪ್ರಪಂಚದಲ್ಲಿ ಸುಮಾರು 3 ಲಕ್ಷ ಹಿಮಗೂಬೆಗಳಿವೆ ಎಂದು ಬಹಳ ಕಾಲ ಬರೆಯುತ್ತಿದ್ದರು. ಅಲಾಸ್ಕದಲ್ಲಿ ಉಪಗ್ರಹದ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟಾಗ, ಅಲ್ಲಿ ಗೂಡು ಮಾಡಿದ್ದ ಹೆಣ್ಣು ಗೂಬೆಗಳು ರಷ್ಯಾಕ್ಕೂ ಕೆನಡಾಕ್ಕೂ ಹೋಗಿಬಂದದ್ದು ತಿಳಿಯಿತು. ಮೇಷ್ಟ್ರೇ, ಒಬ್ಬನೇ ಹುಡುಗನ ಹೆಸರು ಮೂರು ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೆ ಏನಾಗುತ್ತದೆ? ಹಾಗೇ ಆಗಿತ್ತು. ಈಗಿನ ಅಂದಾಜು 30 ಸಾವಿರಕ್ಕೂ ಕಡಿಮೆ. 2017ರಲ್ಲಿ ಹಿಮಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಅದರ ಪಾಡಿಗೆ ಅದನ್ನು ಬಿಟ್ಟಿದ್ದರೆ, 3 ಲಕ್ಷ ಇವೆ ಎಂಬ ಧೈರ್ಯದಲ್ಲೇ ಇರುತ್ತಿದ್ದೆವು ಅಲ್ವಾ?

ನಮಗೇನು ಎಂದು ಕೇಳಿದಿರಿ. 2013ರಲ್ಲಿ ನಾಗಾಲ್ಯಾಂಡ್‌ನಲ್ಲಿ ಮೂರು ಅಮುರ್ ಫಾಲ್ಕನ್‌ಗಳಿಗೆ ಇಂಥದೇ ಯಂತ್ರ ಕಟ್ಟಿದರು. ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟರು. ಹಿಂದಿನ ವರ್ಷ ಅದೇ ಹಕ್ಕಿಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಂದಿದ್ದ ಜನ, ಬೇಟೆ ಬಿಡುತ್ತೇವೆಂದು ಮಾತು ಕೊಟ್ಟಿದ್ದರು. ತಮ್ಮೂರಿನ ಹೆಸರಿನ ಹಕ್ಕಿ ಸಮುದ್ರ ದಾಟಿ ಆಫ್ರಿಕಾ ಮುಟ್ಟಿದೆ ಎಂದು ತಿಳಿದ ಮೇಲೆ ಅದಕ್ಕೆ ಬಲೆ ಬೀಸಲು ಯಾರಿಗೆ ಮನಸ್ಸು ಬರುತ್ತದೆ?

ನಮ್ಮೂರಿನ ಮಾತಿಗೆ ಬರುತ್ತೇನೆ. ನಾನು ಹುಟ್ಟಿದ್ದು ಮಧುಗಿರಿ ಕಡೆಯ ಹಳ್ಳಿಯಲ್ಲಿ. ಊರ ಹಿಂದಿನ ಬೆಟ್ಟದಲ್ಲಿ ಕೊಂಬಿನ ಗೂಬೆ ಇತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಮಗು ಜ್ವರ ಬಂದು ತೀರಿಕೊಂಡಿತು. ಹಿಂದಿನ ರಾತ್ರಿ ಗೂಬೆ ಕೂಗಿತ್ತಂತೆ. ಬೆಳಿಗ್ಗೆ ಕೋಲು ಹಿಡಿದು ಹೊರಟರು. ಹಿಂದೆಯೇ ನಾನೂ ಓಡಿದೆ. ಬಂಡೆಯ ಸಂದಿನಲ್ಲಿ, ಬರೀ ಮಣ್ಣಿನ ಮೇಲೆ ಮೂರು ಬಿಳಿ ಮೊಟ್ಟೆ, ಕೋಳಿ ಮೊಟ್ಟೆಗಿಂತ ದುಂಡಗೆ. ಒಬ್ಬ ಚಪ್ಪಲಿ ಕಾಲಿನಲ್ಲೇ ತುಳಿದ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಜ್ವರಕ್ಕೆ ಡಾಕ್ಟರ ಹತ್ತಿರ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಎಲ್ಲರ ಮೇಲೂ ಗೂಬೆ ಕೂರಿಸುವ ನಾವು, ಗೂಬೆಯ ಮೇಲೆ ಸಾವನ್ನೇ ಕೂರಿಸಿದ್ದೆವು.

ಕಳೆದ ವರ್ಷ ದೇವರಾಯನದುರ್ಗದ ಬಂಡೆಯೊಂದರ ಕೆಳಗೆ ಗೂಬೆ ಕಕ್ಕಿದ ಉಂಡೆ ಸಿಕ್ಕಿತು. ಹೆಬ್ಬೆರಳು ಗಾತ್ರ, ಬೂದಿ ಬಣ್ಣ. ತುಮಕೂರಿಗೆ ತಂದು, ಬಿಸಿನೀರಲ್ಲಿ ನೆನೆಸಿ, ಹಳೇ ಪೇಪರ್ ಮೇಲೆ ಸೂಜಿಯಿಂದ ಬಿಡಿಸಿದೆ. ಕೂದಲಿನ ನಡುವೆ ಮೂರು ಇಲಿ ಬುರುಡೆ. ಬಾಚಿಹಲ್ಲುಗಳಿಗೆ ಇನ್ನೂ ಕಿತ್ತಳೆ ಬಣ್ಣವಿತ್ತು. ನಮ್ಮ ರಾಗಿ ಬಣವೆ ಕಾಯುವುದು ಇದೇ ಹಕ್ಕಿ. ಅದಕ್ಕೆ ನಾವು ಕೊಡುವುದೇನು? ಹೊಲಕ್ಕೆ ಇಲಿ ಪಾಷಾಣ. ಅಮೆರಿಕದಲ್ಲಿ ಸತ್ತ ಹಿಮಗೂಬೆಗಳನ್ನು ಕೊಯ್ದು ನೋಡಿದಾಗಲೂ ಇಲಿ ಪಾಷಾಣ ಸಿಕ್ಕಿದೆ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದರೆ ಮಾಟ ಮಂತ್ರಕ್ಕೆಂದು ಗೂಬೆ ಹಿಡಿದು ಮಾರುವವರು ಬೇರೆ. 1972ರ ವನ್ಯಜೀವಿ ಕಾಯ್ದೆ ಇದ್ದೂ ಇದು ನಡೆಯುತ್ತದೆ.

ನಮ್ಮೂರ ಆ ಬೆಟ್ಟ ಈಗ ಅರ್ಧ ಉಳಿದಿದೆ. ಇನ್ನರ್ಧ ಜಲ್ಲಿಯಾಗಿ ಲಾರಿ ಹತ್ತಿ ಹೋಯಿತು. ನಿಮ್ಮ ಜಿಲ್ಲೆಯಲ್ಲೂ ಎಷ್ಟೋ ಗುಡ್ಡಗಳ ಗತಿ ಇದೇ. ಗುಡ್ಡ ಒಡೆಯುವ ಮುಂಚೆ ಅಲ್ಲಿ ಯಾವ ಹಕ್ಕಿ ಇತ್ತು, ಎಷ್ಟಿದ್ದವು, ಎಲ್ಲಿಗೆ ಹೋದವು ಎಂದು ಕೇಳಿದವರನ್ನು ನಾನು ಕಾಣೆ. ಹಕ್ಕಿಯನ್ನು ಮುಟ್ಟಬೇಡಿ ಎನ್ನುವ ನಾವು, ಅದು ಕೂರುವ ಬಂಡೆಯನ್ನು ಮುಟ್ಟಬೇಡಿ ಎನ್ನುವುದಿಲ್ಲ. ಈ ಮಾತು ನಿಮಗೆ ನೋವಾದರೆ ಕ್ಷಮಿಸಿ, ನನಗೂ ಸೇರಿಸಿಯೇ ಹೇಳಿಕೊಂಡಿದ್ದೇನೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಅಂಬಾಜಿದುರ್ಗ, ಕೈವಾರದ ಕಡೆ ಬಂಡೆಬೆಟ್ಟಗಳಿಗೇನು ಕಮ್ಮಿಯಿಲ್ಲ. ಈ ಚಳಿಗಾಲ ಸಂಜೆ ವಾಕಿಂಗ್ ಹೋದಾಗ, ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ಸುಮ್ನೆ ಕೂತು ಕೇಳಿ. ‘ಬು-ಬೂ’ ಎಂದು ದಪ್ಪ ದನಿ ಕೇಳಿದರೆ ತಾರೀಖು, ಹೊತ್ತು, ಬಂಡೆಯ ಗುರುತು ಬರೆದು ಒಂದು ಕಾರ್ಡ್ ಹಾಕಿ. ನಿಮ್ಮ ಹಳೇ ವಿದ್ಯಾರ್ಥಿಗಳಿಗೂ ಹೇಳಿ. ತಾರೀಖುಗಳನ್ನು ಅಚ್ಚು ಹಾಕುತ್ತೇವೆ, ಬಂಡೆಯ ಗುರುತು ಮಾತ್ರ ಹಾಕುವುದಿಲ್ಲ. ಗೂಬೆ ಹಿಡಿಯುವವರೂ ಪತ್ರಿಕೆ ಓದುತ್ತಾರೆ.