ಮಳೆಗೆ ನೆಂದರೆ ಸ್ಟೆಲ್ತ್ ವಿಮಾನ ಸಿಕ್ಕಿಬೀಳುತ್ತಾ?

(ವಾಯುಪಡೆಯ ರೇಡಾರ್ ಘಟಕದಲ್ಲಿ ದುಡಿದು ನಿವೃತ್ತರಾದ ನಮ್ಮ ಅಂಕಣಕಾರರು ಈ ಬಾರಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: 2025ರ ಜೂನ್‌ನಲ್ಲಿ ಬ್ರಿಟನ್ನಿನ ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ಇಳಿಯಿತಲ್ಲ, ಅದನ್ನು ನಮ್ಮ ವಾಯುಪಡೆ ಮೊದಲೇ ಪತ್ತೆ ಹಚ್ಚಿತ್ತು ಅಂತ ಓದಿದೆ. ಮುಂಗಾರಿನ ಮಳೆಯಲ್ಲಿ ಅದರ ಸ್ಟೆಲ್ತ್ (ರೇಡಾರ್‌ಗೆ ಸುಲಭವಾಗಿ ಕಾಣದಿರುವ ಗುಣ) ತೊಳೆದುಹೋಯಿತು ಅಂತ ನಮ್ಮ ಅಂಗಡಿಕಟ್ಟೆಯಲ್ಲಿ ವಾದ. ನಿಜವೇ?
— ದಿನಸಿ ವ್ಯಾಪಾರಿ, ತೀರ್ಥಹಳ್ಳಿ

ಉತ್ತರ: ಪತ್ತೆ ಹಚ್ಚಿದ್ದು ನಿಜ. ಮಳೆಯಿಂದ ಅನ್ನೋದು ಮಾತ್ರ ಕಟ್ಟೆಯ ಮಾತು.

ಜೂನ್ 14ರ ರಾತ್ರಿ ಆ ವಿಮಾನ ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಹಡಗಿನಿಂದ ಹೊರಟಿತ್ತು. ಹವಾಮಾನ ಕೆಟ್ಟು ಹಡಗಿಗೆ ವಾಪಸ್ ಇಳಿಯಲಾಗಲಿಲ್ಲ, ಇಂಧನವೂ ಕಡಿಮೆಯಾಯಿತು. ತುರ್ತು ಬಂದರೆ ಇಳಿಯಲು ತಿರುವನಂತಪುರವನ್ನು ಮೊದಲೇ ಗೊತ್ತುಮಾಡಿದ್ದರು. ನಮ್ಮ ವಾಯುಪಡೆಯ ರೇಡಾರ್ ಜಾಲ ಅದನ್ನು ಗುರುತಿಸಿತು, ಇಳಿಯಲು ಒಪ್ಪಿಗೆ ಕೊಟ್ಟಿತು. ಅಂದರೆ ಆ ವಿಮಾನ ಕದ್ದು ಬರುತ್ತಿರಲಿಲ್ಲ, ಸಹಾಯ ಕೇಳಿಕೊಂಡು ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಯಾವ ಪೈಲಟ್ಟೂ ಬಚ್ಚಿಟ್ಟುಕೊಳ್ಳುವುದಿಲ್ಲ. ಟ್ರಾನ್ಸ್‌ಪಾಂಡರ್ ಹಾಕಿಕೊಂಡು ‘ನಾನು ಇಲ್ಲಿದ್ದೇನೆ’ ಅಂತ ತಾನೇ ಹೇಳುತ್ತಾನೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಯುದ್ಧವಿಲ್ಲದ ದಿನಗಳಲ್ಲಿ ಸ್ಟೆಲ್ತ್ ವಿಮಾನದ ಮೈಗೆ ಸಾಮಾನ್ಯವಾಗಿ ಪುಟ್ಟ ಗುಬುಟುಗಳನ್ನು ಸಿಕ್ಕಿಸಿರುತ್ತಾರೆ. ಲ್ಯೂನ್‌ಬರ್ಗ್ ಲೆನ್ಸ್ ಅಂತ ಹೆಸರು. ಬಂದ ರೇಡಾರ್ ಅಲೆಯನ್ನು ಬಂದ ದಾರಿಯಲ್ಲೇ ಜೋರಾಗಿ ವಾಪಸ್ ಕಳಿಸುವುದು ಅವುಗಳ ಕೆಲಸ. ಇದರಿಂದ ಎರಡು ಲಾಭ. ನಾಗರಿಕ ವಿಮಾನಗಳ ನಡುವೆ ಹಾರುವಾಗ ಎಲ್ಲರಿಗೂ ಕಾಣುತ್ತದೆ. ವಿಮಾನದ ನಿಜವಾದ ಪ್ರತಿಧ್ವನಿ ಎಷ್ಟು ಸಣ್ಣದು ಅನ್ನೋದು ಬೇರೆಯವರ ರೇಡಾರ್‌ಗೆ ಗೊತ್ತಾಗುವುದಿಲ್ಲ. ಹಾಗಾಗಿ ‘ನಾವು ಸ್ಟೆಲ್ತ್ ಹಿಡಿದೆವು’ ಅಂತ ಇದೊಂದರಿಂದ ಮೀಸೆ ತಿರುವುವುದು ಬೇಡ.

ಹೈಡ್ರಾಲಿಕ್ ತೊಂದರೆಯಿಂದ ಅದು ಜುಲೈ 22ರವರೆಗೆ ಅಲ್ಲೇ ಉಳಿಯಿತು. ಮೂರು ವಾರ ಬಯಲಲ್ಲಿ ಮಳೆಗೆ ನಿಂತಿತ್ತು, ಆಮೇಲೆ ಹ್ಯಾಂಗರ್‌ಗೆ ಎಳೆದುಕೊಂಡು ಹೋದರು. ಕೇರಳ ಪ್ರವಾಸೋದ್ಯಮದವರು ತಮಾಷೆ ಮಾಡಿದ್ದನ್ನು ನೀವೂ ನೋಡಿರಬೇಕು.

ಪ್ರಶ್ನೆ: ಮಳೆ ಹನಿ ರೇಡಾರ್ ಅಲೆಯನ್ನು ವಾಪಸ್ ಕಳಿಸುತ್ತದೆ ಅಂತ ಪಾಠದಲ್ಲಿತ್ತು. ಹಾಗಾದರೆ ಮಳೆಯಲ್ಲಿ ಸ್ಟೆಲ್ತ್ ವಿಮಾನ ಚೆನ್ನಾಗಿ ಕಾಣಬೇಕು ಅಲ್ವಾ ಸರ್?
— ಪಿಯುಸಿ ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಪ್ರಶ್ನೆ ಚೆನ್ನಾಗಿದೆಯಮ್ಮ. ಆದರೆ ಮಳೆಯಲ್ಲಿ ಕಾಣುವುದು ಮಳೆ! ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೆಡ್‌ಲೈಟ್ ಹೈ ಬೀಮ್ ಹಾಕಿದರೆ ಬೆಳಕೆಲ್ಲ ಕಣ್ಣಿಗೇ ವಾಪಸ್ ಬಂದು, ಎದುರಿನ ಲಾರಿ ಕಾಣದೆ ಹೋಗುತ್ತದಲ್ಲ, ಹಾಗೆ.

ಎಷ್ಟು ತೊಂದರೆ ಅನ್ನೋದು ಅಲೆಯ ಉದ್ದದ ಮೇಲೆ ನಿಂತಿದೆ. ಹನಿ ಒಂದೆರಡು ಮಿಲಿಮೀಟರ್ ಗಾತ್ರದ್ದು. ಅಲೆ ಅದಕ್ಕಿಂತ ಬಹಳ ಉದ್ದವಿದ್ದರೆ, ಅಲೆಯುದ್ದದ ನಾಲ್ಕನೇ ಘಾತದಷ್ಟು ಪ್ರತಿಧ್ವನಿ ಇಳಿಯುತ್ತದೆ. ಲೆಕ್ಕ ಹಾಕಿ ನೋಡು. 3 ಸೆಂ.ಮೀ. ಅಲೆಯ ಬದಲು 10 ಸೆಂ.ಮೀ. ಬಳಸಿದರೆ ಹನಿಯ ಪ್ರತಿಧ್ವನಿ ಸುಮಾರು 120 ಪಟ್ಟು ಕಡಿಮೆ. 2 ಮೀಟರ್ ಅಲೆಯಾದರೆ ಸುಮಾರು 2 ಕೋಟಿ ಪಟ್ಟು ಕಡಿಮೆ. ಅಂಥ ರೇಡಾರ್‌ಗೆ ಮಳೆ ಇದೆ ಅನ್ನೋದೇ ಲೆಕ್ಕಕ್ಕಿಲ್ಲ.

ಕ್ಷಿಪಣಿಯನ್ನು ಗುರಿಗೆ ಮುಟ್ಟಿಸುವ ರೇಡಾರ್‌ಗಳಲ್ಲಿ ಬಹಳಷ್ಟು 3 ಸೆಂ.ಮೀ. ಆಸುಪಾಸಿನವು. ಗಂಟೆಗೆ 25 ಮಿ.ಮೀ. ಸುರಿಯುವ ಮಳೆ 8 ಕಿ.ಮೀ. ಉದ್ದಕ್ಕೆ ಅಡ್ಡ ಇದ್ದರೆ, ಅಲೆ ಹೋಗಿ ಬರುವಷ್ಟರಲ್ಲಿ ಅದರ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲೇ ಸ್ಟೆಲ್ತ್ ವಿಮಾನದಿಂದ ಬರುವ ಪ್ರತಿಧ್ವನಿ ಚೂರೇ ಚೂರು. ಅದರ ಮೇಲೆ ಈ ನಷ್ಟ. ಅಂದರೆ ಮಳೆ ಕದ್ದು ಬರುವವನ ಪರ ನಿಲ್ಲುವುದೇ ಜಾಸ್ತಿ.

ಪೂರ್ತಿ ಅವನ ಪರವೂ ಅಲ್ಲ ಅನ್ನು. ಮಳೆ ಗಾಳಿಯ ವೇಗದಲ್ಲಿ ಚಲಿಸುತ್ತದೆ, ವಿಮಾನ ಗಂಟೆಗೆ 900 ಕಿ.ಮೀ. ಓಡುತ್ತದೆ. ಡಾಪ್ಲರ್ ಸೋಸುವಿಕೆ (ರೇಡಾರ್‌ನತ್ತ ಬರುವ, ದೂರ ಹೋಗುವ ವೇಗ ನೋಡುವ ವಿಧಾನ) ಈ ವ್ಯತ್ಯಾಸ ಹಿಡಿದು ಮಳೆಯನ್ನು ಬೇರೆ ಮಾಡುತ್ತದೆ. ಆದರೆ ವಿಮಾನ ರೇಡಾರ್‌ಗೆ ಅಡ್ಡಡ್ಡ ಹಾರಿದರೆ ಡಾಪ್ಲರ್‌ಗೂ ಸುಳಿವು ಸಿಗುವುದಿಲ್ಲ. ನಾನು ಸ್ಕೋಪ್ ಮುಂದೆ ಕೂತಿದ್ದ ಕಾಲದಲ್ಲಿ ಮಳೆಗಾಲ ಅಂದರೆ ಪರದೆ ತುಂಬ ಬಿಳಿ ಕಲೆ. ಮಳೆಯನ್ನು ಅಳಿಸಲು ಗುಂಡಿ ತಿರುಗಿಸಿದರೆ ಸಣ್ಣ ಗುರಿಗಳೂ ಜೊತೆಗೇ ಅಳಿಸಿಹೋಗುತ್ತಿದ್ದವು. ಹಿರಿಯ ಸಾರ್ಜೆಂಟರು ಬೈಯುತ್ತಿದ್ದುದು ಇದಕ್ಕೇ.

ಪ್ರಶ್ನೆ: 1999ರಲ್ಲಿ ಸರ್ಬಿಯಾದವರು ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಕೆಡವಿದ್ದು ಅದು ಮಳೆಯಲ್ಲಿ ಒದ್ದೆಯಾಗಿದ್ದಕ್ಕೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು.
— ಬಸ್ ಕಂಡಕ್ಟರ್, ಬಾಗಲಕೋಟೆ

ಉತ್ತರ: ಒದ್ದೆ ಮೈ ಪ್ರತಿಧ್ವನಿಯನ್ನು ಬದಲಿಸುವುದು ಸುಳ್ಳಲ್ಲ. ರೇಡಾರ್ ಅಲೆಯ ಕಣ್ಣಿಗೆ ನೀರು ಗಾಳಿಗಿಂತ ತೀರಾ ಬೇರೆ ವಸ್ತು. ಅಲೆ ಹೀರುವ ಲೇಪದ ಮೇಲೆ ನೀರಿನ ಪದರ ಕೂತರೆ ಲೇಪದ ಲೆಕ್ಕಾಚಾರ ಅಷ್ಟಿಷ್ಟು ತಪ್ಪುತ್ತದೆ. ಆದರೆ ಸ್ಟೆಲ್ತ್‌ನ ದೊಡ್ಡ ಪಾಲು ಇರುವುದು ಆಕಾರದಲ್ಲಿ, ಲೇಪದಲ್ಲಲ್ಲ. ಎಫ್-117ರ ಚಪ್ಪಟೆ ಮುಖಗಳು ಅಲೆಯನ್ನು ಬೇರೆ ಕಡೆಗೆ ಎಸೆಯುತ್ತವೆ. ಮಳೆ ಬಂದರೆ ಆಕಾರ ಕರಗುವುದಿಲ್ಲವಲ್ಲ.

ಮಾರ್ಚ್ 27ರ ರಾತ್ರಿ ಬುದ್ಯಾನೋವ್ಟ್ಸಿ ಹಳ್ಳಿಯ ಬಳಿ ಅದನ್ನು ಹೊಡೆದವರು ಜೋಲ್ಟಾನ್ ದಾನಿ ಎಂಬ ಅಧಿಕಾರಿಯ ತಂಡ. ಅವರ ಬಳಿ ಇದ್ದದ್ದು ಹಳೇ ಸೋವಿಯತ್ ಸರಕು: ಪಿ-18 ರೇಡಾರ್, ಎಸ್-125 ನೇವಾ ಕ್ಷಿಪಣಿ. ಪಿ-18ರ ಅಲೆ ಸುಮಾರು 2 ಮೀಟರ್ ಉದ್ದ. ವಿಮಾನದ ಬಾಲ, ರೆಕ್ಕೆಯಂಥ ಭಾಗಗಳ ಗಾತ್ರಕ್ಕೆ ಅಲೆ ಹತ್ತಿರವಾದಾಗ ಆಕಾರದ ಚಮತ್ಕಾರ ಅಷ್ಟು ನಡೆಯುವುದಿಲ್ಲ. ಜೊತೆಗೆ ವಿಮಾನಗಳು ದಿನಾ ಒಂದೇ ದಾರಿಯಲ್ಲಿ ಬರುತ್ತಿದ್ದವು. ದಾನಿ ತಂಡ ರೇಡಾರನ್ನು ಕೆಲವೇ ಸೆಕೆಂಡ್ ಹಾಕಿ ಆರಿಸುತ್ತಿತ್ತು, ಮೇಲಿಂದ ಮೇಲೆ ಜಾಗ ಬದಲಿಸುತ್ತಿತ್ತು. ನನ್ನ ಪ್ರಕಾರ ಗೆದ್ದಿದ್ದು ಈ ಶಿಸ್ತು. ಪೈಲಟ್ ಡೇಲ್ ಜೆಲ್ಕೊ ಬದುಕಿ ಉಳಿದರು. ಮುಂದೆ ಇಬ್ಬರೂ ಭೇಟಿಯಾಗಿ ಸ್ನೇಹಿತರಾದರು.

ಎಫ್-117ಕ್ಕೆ ಮೋಡ ಬೇರೆ ರೀತಿಯಲ್ಲಿ ಕಾಟ ಕೊಟ್ಟಿತ್ತು. 1991ರ ಕೊಲ್ಲಿ ಯುದ್ಧದಲ್ಲಿ ಲೇಸರ್ ಬಾಂಬಿಗೆ ಗುರಿ ಕಣ್ಣಿಗೆ ಕಾಣಬೇಕಿತ್ತು. ಮೋಡ ಅಡ್ಡ ಬಂದಾಗ ಬಾಂಬ್ ಹಾಕದೆ ವಾಪಸ್ ಬಂದದ್ದುಂಟು.

ಪ್ರಶ್ನೆ: ಹಾಗಾದರೆ ಮಳೆಯಿಂದ ಸ್ಟೆಲ್ತ್ ವಿಮಾನಕ್ಕೆ ಏನೂ ಆಗುವುದಿಲ್ಲವೇ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಆಗುತ್ತದೆ ಮೇಷ್ಟ್ರೇ, ಆದರೆ ಜಾಸ್ತಿ ನೆಲದ ಮೇಲೆ.

2008ರ ಫೆಬ್ರವರಿ 23ರಂದು ಗುವಾಮ್ ದ್ವೀಪದಲ್ಲಿ ಅಮೆರಿಕದ ಒಂದು ಬಿ-2 ಸ್ಟೆಲ್ತ್ ಬಾಂಬರ್ ಮೇಲೇರುತ್ತಲೇ ಬಿತ್ತು. ಬಿ-2ಕ್ಕೆ ಬೇರೆ ವಿಮಾನಗಳ ಹಾಗೆ ಮುಂದೆ ಚಾಚಿದ, ವೇಗ ಅಳೆಯುವ ಪಿಟೋ ಕೊಳವೆ ಇಲ್ಲ, ಇದ್ದರೆ ಅದೇ ರೇಡಾರ್‌ಗೆ ಕಾಣುತ್ತದೆ. ಗಾಳಿಯ ಒತ್ತಡ ಅಳೆಯಲು ಮೈಗೆ ಸಮನಾಗಿ ಕೂರಿಸಿದ 24 ಸಂವೇದಕಗಳಿವೆ. ಜೋರು ಮಳೆಯಿಂದ ಅವುಗಳಲ್ಲಿ ಮೂರಕ್ಕೆ ತೇವ ಸೇರಿತ್ತು. ತೇವ ಇದ್ದಾಗಲೇ ಅಳತೆ ಹೊಂದಿಸಿದರು. ಹಾರುವ ಮುಂಚೆ ಹೀಟರ್ ಹಾಕಿದಾಗ ತೇವ ಆರಿತು, ಅಳತೆ ತಪ್ಪಿತು. ಇದ್ದದ್ದಕ್ಕಿಂತ ಜಾಸ್ತಿ ವೇಗ ತೋರಿಸಿತು. ವಿಮಾನ ಬೇಗ ನೆಲ ಬಿಟ್ಟಿತು. ಮೂಗು ಕೆಳಗಿದೆ ಅಂದುಕೊಂಡ ಕಂಪ್ಯೂಟರ್ ಅದನ್ನು 30 ಡಿಗ್ರಿ ಮೇಲೆತ್ತಿತು. ಕಥೆ ಮುಗಿಯಿತು. ಇಬ್ಬರು ಪೈಲಟ್‌ಗಳು ಹೊರಗೆ ಹಾರಿ ಬದುಕಿದರು. 140 ಕೋಟಿ ಡಾಲರ್ ವಿಮಾನ ಬೂದಿಯಾಯಿತು. ಮೊದಲು ಹೀಟರ್ ಹಾಕಿ ಆಮೇಲೆ ಅಳತೆ ಹೊಂದಿಸಬೇಕು ಅನ್ನೋದು ಕೆಲವರಿಗೆ ಗೊತ್ತಿತ್ತಂತೆ, ಎಲ್ಲರಿಗೂ ಹೇಳಿರಲಿಲ್ಲ. ನಮ್ಮ ಘಟಕಗಳಲ್ಲೂ ಇಂಥ ‘ಗೊತ್ತಿದ್ದವರಿಗೆ ಮಾತ್ರ’ ವಿದ್ಯೆಗಳಿರುತ್ತಿದ್ದವು. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಬಿ-2ರ ಲೇಪಕ್ಕೆ ತೇವ ಆಗಿಬರುವುದಿಲ್ಲ ಅಂತ ಅಮೆರಿಕದ ಲೆಕ್ಕಪರಿಶೋಧಕರೇ 1997ರಲ್ಲಿ ಬರೆದಿದ್ದರು. ಅದನ್ನು ಉಷ್ಣತೆ, ತೇವ ಹದವಾಗಿಟ್ಟ ಹ್ಯಾಂಗರ್‌ನಲ್ಲಿ ಸಾಕುತ್ತಾರೆ. ಎಫ್-35ರ ಮೈ ಇದಕ್ಕಿಂತ ಗಟ್ಟಿ ಅಂತಾರೆ ತಯಾರಕರು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿರುವ ನಮ್ಮದೇ ಸ್ಟೆಲ್ತ್ ಯುದ್ಧವಿಮಾನ ಎಎಂಸಿಎಯ ಪೂರ್ಣ ಗಾತ್ರದ ಮಾದರಿಯನ್ನು 2025ರ ಏರೋ ಇಂಡಿಯಾದಲ್ಲಿ ಜನ ಮುಗಿಬಿದ್ದು ನೋಡಿದರು. ಎಲ್ಲರೂ ಕೇಳುವುದು ಎಂಜಿನ್ ಯಾವುದು ಅಂತ. ನಾನಾದರೆ ಕೇಳುವುದು, ಕರಾವಳಿಯ ಉಪ್ಪುಗಾಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಲೇಪ ಯಾರು, ಎಲ್ಲಿ, ಎಷ್ಟು ಹೊತ್ತಲ್ಲಿ ಸರಿಮಾಡುತ್ತಾರೆ?

ಪ್ರಶ್ನೆ: ಮಳೆ ಬಿಟ್ಟು ಬೇರೆ ಯಾವ ಹವಾಮಾನ ಸ್ಟೆಲ್ತ್ ವಿಮಾನವನ್ನು ಹಿಡಿದುಕೊಡುತ್ತದೆ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ತಿಳಿಯಾದ ಆಕಾಶ! ಎಂಜಿನ್ನಿನ ಬಿಸಿ ನೋಡುವ ಇನ್‌ಫ್ರಾರೆಡ್ ಕಣ್ಣಿಗೆ ಒಣ, ತಣ್ಣನೆಯ, ಮೋಡವಿಲ್ಲದ ಆಕಾಶ ಹಬ್ಬ. ಮೋಡದೊಳಗೆ ಹೊಕ್ಕರೆ ಆ ಕಣ್ಣು ಕುರುಡು.

ಬೇಸಿಗೆಯ ಅರಬ್ಬಿ ಸಮುದ್ರದ ಮೇಲೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಕೆಳಗೆ ತೇವದ ಗಾಳಿ, ಮೇಲೆ ಬಿಸಿ ಒಣಗಾಳಿ. ರೇಡಾರ್ ಅಲೆ ನಡುವೆ ಸಿಕ್ಕಿಕೊಂಡು ಭೂಮಿಯ ಬಾಗಿಗೆ ಬಾಗುತ್ತಾ ಬಹುದೂರ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಾಂಬೆ ಬಳಿಯ ರೇಡಾರ್‌ಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ನೆಲ ಕಂಡಿತ್ತು. ಸಮುದ್ರಕ್ಕೆ ಹತ್ತಿಕೊಂಡು ಕದ್ದು ಬರುವ ವಿಮಾನಕ್ಕೆ ಇದು ಅಪಾಯ. ಆದರೆ ಆ ಪದರದ ಮೇಲೆ ಹಾರಿದರೆ ಅದೇ ರೇಡಾರ್‌ಗೆ ಸಿಗದೆಯೂ ಹೋಗಬಹುದು.

ಇನ್ನು ಬಿಳಿ ಗೆರೆ. ಹತ್ತು ಕಿ.ಮೀ. ಎತ್ತರದ ಕೊರೆಯುವ ಚಳಿಯಲ್ಲಿ ಎಂಜಿನ್ನಿನ ಹೊಗೆಯೊಳಗಿನ ಆವಿ ಹಿಮಕಣವಾಗಿ ಬಾಲದಂತೆ ಉಳಿಯುತ್ತದೆ. ರೇಡಾರ್ ಯಾಕೆ, ತೋಟದಲ್ಲಿ ನಿಂತ ನಿಮಗೇ ಕಾಣುತ್ತದೆ. ಬಿ-2ರಲ್ಲಿ ಹಿಂದೆ ಗೆರೆ ಮೂಡುತ್ತಿದೆಯೇ ಅಂತ ಲೇಸರ್‌ನಿಂದ ನೋಡುವ ಉಪಕರಣವೇ ಇದೆ. ಅದು ಎಚ್ಚರಿಸಿದರೆ ಪೈಲಟ್ ಎತ್ತರ ಬದಲಿಸುತ್ತಾನೆ, ಇಲ್ಲವಾದರೆ ಮೊದಲೇ ಕತ್ತಲೆಯ ಹೊತ್ತು ನೋಡಿ ಹೊರಡುತ್ತಾನೆ.