38ನೇ ಸೆಕೆಂಡ್

ನನ್ನ ಕೋಣೆಗೆ ಬರುವವರು ಹಿಂದೆಲ್ಲ ರಕ್ತಪರೀಕ್ಷೆಯ ಚೀಟಿಯನ್ನೋ ಮಗನ ಅಂಕಪಟ್ಟಿಯನ್ನೋ ಮೇಜಿನ ಮೇಲಿಡುತ್ತಿದ್ದರು. ಎರಡು ಮೂರು ವರ್ಷಗಳಿಂದ ಮೊಬೈಲ್ ತೆಗೆದು ಒಂದು ಗೆರೆ ತೋರಿಸುವವರು ಹೆಚ್ಚಾಗಿದ್ದಾರೆ. ವಿಡಿಯೊ ಹಾಕುವವರು ಬಳಸುವ ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ ಕಾಣುವ ಗೆರೆ ಅದು. ವಿಡಿಯೊದ ಯಾವ ಕ್ಷಣದವರೆಗೆ ನೂರಕ್ಕೆ ಎಷ್ಟು ಮಂದಿ ಉಳಿದಿದ್ದರು ಎಂದು ತೋರಿಸುತ್ತದೆ. ಅಡುಗೆ ತೋರಿಸುವ ಗೃಹಿಣಿ ಬಂದಿದ್ದಾರೆ, ಮೆಕ್ಕೆಜೋಳದ ಹುಳುವಿನ ಬಗ್ಗೆ ಮಾತನಾಡುವ ರೈತರು ಬಂದಿದ್ದಾರೆ, ಚಿತ್ರದುರ್ಗದ ಕೋಟೆಯ ಮೂಲೆ ಮೂಲೆ ಚಿತ್ರೀಕರಿಸುವ ಕಾಲೇಜು ಹುಡುಗನೊಬ್ಬ ಬಂದಿದ್ದ. ಗೆರೆ ಎಲ್ಲರದೂ ಜಾರುಬಂಡಿ. ಕೇಳುವುದೂ ಒಂದೇ: "ಇಲ್ಲಿ ಯಾಕೆ ಮೇಡಂ ಬಿಟ್ಟುಹೋದರು?"

ದಾವಣಗೆರೆಯಲ್ಲಿ 17 ವರ್ಷಗಳಿಂದ ಆಪ್ತಸಮಾಲೋಚನೆ ಮಾಡುತ್ತಿರುವ ನನಗೆ ವಿಡಿಯೊ ವಿದ್ಯೆ ಗೊತ್ತಿಲ್ಲ. ಆದರೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಅದರಲ್ಲಿ ನಾನೂ ಎಡವಿದ್ದೇನೆ, ಅದನ್ನೂ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವಯಸ್ಸು ಮತ್ತು ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಂಜುನಾಥ ಎಂದುಕೊಳ್ಳೋಣ. ಮೂವತ್ತರ ಆಚೀಚೆಯ ವಯಸ್ಸು, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಹೆಂಡತಿ, ಒಂದು ಮಗು, ಜೊತೆಯಲ್ಲಿ ತಂದೆ. ತಂದೆ ಮೊದಲು ಹತ್ತಿ ಗಿರಣಿಯಲ್ಲಿದ್ದವರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಅವರೂ ಎಷ್ಟೋ ಜನರಂತೆ ಮಂಡಕ್ಕಿ ಭಟ್ಟಿಗೆ ಬಂದರು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಕಿರು ವಿಡಿಯೊ ವಿಭಾಗವಾದ ಶಾರ್ಟ್ಸ್ ಅನ್ನು ಮೊದಲಿಗೆ ಭಾರತದಲ್ಲೇ ಬಿಟ್ಟಿತಲ್ಲ, ಆ ಹೊತ್ತಿಗೆ ಮಂಜುನಾಥರೂ ಒಂದು ಚಾನೆಲ್ ತೆರೆದರು. ಭಟ್ಟಿಯ ಬೆಂಕಿಯನ್ನೂ ಮರಳಿನಿಂದ ಮಂಡಕ್ಕಿ ಚಿಮ್ಮುವುದನ್ನೂ ಹಿಡಿದ ಒಂದು ತುಣುಕು ಮೂರು ಲಕ್ಷ ವೀಕ್ಷಣೆ ಕಂಡಿತು. ಅದಾದ ಮೇಲೆ ಹಾಕಿದ್ದೆಲ್ಲ ಮುನ್ನೂರು, ನಾನೂರು. ಎಲ್ಲೋ ಒಮ್ಮೆ ಎಂಟು ಸಾವಿರ.

ನನ್ನ ಬಳಿಗೆ ಅವರನ್ನು ಕಳುಹಿಸಿದ್ದು ಹೆಂಡತಿ. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲುಮನೆಯಲ್ಲಿ ನಿಂತು ಸಂಖ್ಯೆ ನೋಡುತ್ತಾರೆ, ಕ್ಯಾಮೆರಾ ಕೊಳ್ಳಲು ನನ್ನ ಬಳೆ ಒತ್ತೆ ಇಡುವ ಮಾತೆತ್ತಿದ್ದಾರೆ, ಇದು ಆಕೆಯ ದೂರು. ಮಾವ ಮಗನೊಂದಿಗೆ ಮಾತು ಬಿಟ್ಟಿದ್ದಾರೆ ಎಂಬುದನ್ನು ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದರು. ಮುಖ್ಯವಾದದ್ದನ್ನು ಜನ ಸಾಮಾನ್ಯವಾಗಿ ಬಾಗಿಲ ಬಳಿಯೇ ಹೇಳುತ್ತಾರೆ.

ಮೊದಲೆರಡು ಭೇಟಿಗಳಲ್ಲಿ ನಿದ್ದೆ, ದುಡ್ಡು, ಕೆಲಸದ ಮಾತಾಯಿತು. ಮೂರನೆಯ ಭೇಟಿಯಲ್ಲಿ ತಂದೆಯ ವಿಷಯ ತೆಗೆದೆ. ಮಂಜುನಾಥ ಏನೂ ಹೇಳದೆ ಮೊಬೈಲ್ ತೆರೆದು ಭಟ್ಟಿಯ ಬಗ್ಗೆ ಮಾಡಿದ ಆರು ನಿಮಿಷದ ವಿಡಿಯೊದ ಗ್ರಾಫ್ ತೋರಿಸಿದರು. ಉಗುರಿನಿಂದ ಒಂದು ಜಾಗ ಒತ್ತಿ ಹಿಡಿದರು. ಗೆರೆ ಅಲ್ಲಿ ಕಡಿದಂತೆ ಕೆಳಗಿಳಿದಿತ್ತು.

"38ನೇ ಸೆಕೆಂಡ್ ಮೇಡಂ. ಅಲ್ಲಿ ನಮ್ಮ ಅಪ್ಪ ಬರುತ್ತಾರೆ. ಅಪ್ಪ ಬಂದ ಕೂಡಲೇ ಜನ ಎದ್ದು ಹೋಗುತ್ತಾರೆ."

ಅದಕ್ಕೇ ಮುಂದಿನ ವಿಡಿಯೊಗಳಿಂದ ತಂದೆಯನ್ನು ಕತ್ತರಿಸಿದ್ದರು. ಮೊದಲು ಮಾತನ್ನು, ಆಮೇಲೆ ಮುಖವನ್ನು. ಕೊನೆಗೆ ಉಳಿದದ್ದು ಮರಳು ಕೆದಕುವ ಕೈ ಮಾತ್ರ. ತಂದೆಗೆ ಇದು ಗೊತ್ತಾದದ್ದು ಚಹಾ ಅಂಗಡಿಯಲ್ಲಿ. ಯಾರೋ ವಿಡಿಯೊ ತೋರಿಸಿ "ಇದು ನಿನ್ನ ಕೈ ಅಲ್ಲವೇನಪ್ಪಾ?" ಎಂದಿದ್ದರು.

ಆಗ ನಾನು ಜಾಣತನ ಮಾಡಿದೆ. ಮೊದಲ ಅರ್ಧ ನಿಮಿಷದಲ್ಲಿ ಗೆರೆ ಕುಸಿಯುವುದು ಬಹುತೇಕ ಎಲ್ಲ ವಿಡಿಯೊಗಳ ಹಣೆಬರಹ ಎಂದು ಹಿಂದೆ ಬಂದಿದ್ದವರ ಮೊಬೈಲ್‌ಗಳಿಂದಲೇ ಕಲಿತಿದ್ದೆ. ತಂದೆಯಿಲ್ಲದ ವಿಡಿಯೊಗಳ ಗ್ರಾಫ್ ತೆಗೆಯಿರಿ ಎಂದೆ. ಒಂದರಲ್ಲಿ 30ನೇ ಸೆಕೆಂಡಿಗೆ ಬಿದ್ದಿತ್ತು, ಇನ್ನೊಂದರಲ್ಲಿ 41ಕ್ಕೆ. "ನೋಡಿ, ಇಲ್ಲಿ ನಿಮ್ಮ ತಂದೆ ಇಲ್ಲ, ಆದರೂ ಜನ ಹೋಗಿದ್ದಾರೆ" ಎಂದು ಗೆದ್ದವಳಂತೆ ಹೇಳಿದೆ. ಅವರ ಮುಖ ಅರಳಿತು. ಆ ದಿನ ಹಗುರಾಗಿ ಹೋದರು, ನಾನೂ ಹಗುರಾಗಿ ಮನೆಗೆ ಹೋದೆ.

ಎರಡು ವಾರಗಳ ನಂತರ ಬಂದಾಗ ಮುಖ ಕಪ್ಪಿಟ್ಟಿತ್ತು. ನನ್ನ ಮಾತು ನಂಬಿ ತಂದೆಯನ್ನು ಒಲಿಸಿ ಮತ್ತೊಂದು ವಿಡಿಯೊ ಮಾಡಿದ್ದರು. ಈ ಬಾರಿ ತಂದೆ ಬರುವುದು ಎರಡನೆಯ ನಿಮಿಷಕ್ಕೆ. ಗೆರೆ ಸರಿಯಾಗಿ ಎರಡನೆಯ ನಿಮಿಷದಲ್ಲೇ ಮತ್ತೊಮ್ಮೆ ಮುರಿದು ಬಿದ್ದಿತ್ತು. "ನೀವು ಸಮಾಧಾನಕ್ಕೆ ಹೇಳಿದಿರಿ ಮೇಡಂ" ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅವರು ಹೇಳಿದ್ದು ನಿಜ. ತೀರ್ಪು ಕೊಡುವ ಪೀಠದಿಂದ ಆ ಗೆರೆಯನ್ನು ಇಳಿಸುವ ಬದಲು, ಅದರಿಂದಲೇ ನಮ್ಮ ಪರವಾದ ತೀರ್ಪು ಬರೆಸಿಕೊಳ್ಳಲು ನಾನು ಹೊರಟಿದ್ದೆ. ಇವತ್ತು ಪರವಾಗಿ ಹೇಳಿದ ಸಾಕ್ಷಿ ನಾಳೆ ತಿರುಗಿಬಿದ್ದರೆ ವಕೀಲರು ಏನು ಮಾಡುತ್ತಾರೆ? ಅವರಿಗೆ ಕ್ಷಮೆ ಕೇಳಿದೆ. ಆಮೇಲೆ ಏನು ಕೇಳಬೇಕೆಂದು ತೋಚದೆ, ನಿಜಕ್ಕೂ ತೋಚದೆ, ಹೀಗೆ ಕೇಳಿದೆ: "ಮೊದಲಿನ ವಿಡಿಯೊದಲ್ಲಿ, ಆ 38ನೇ ಸೆಕೆಂಡಿನಲ್ಲಿ ನಿಮ್ಮ ತಂದೆ ಏನು ಹೇಳುತ್ತಾರೆ?"

ಮಂಜುನಾಥ ಬಾಯಿ ತೆರೆದರು, ಮುಚ್ಚಿದರು. ಫ್ಯಾನಿನ ಕಡೆ ನೋಡಿದರು. "ಮಂಡಕ್ಕಿ ಬಗ್ಗೆ ಏನೋ..." ಎಂದರು.

ಎಷ್ಟನೆಯ ಸೆಕೆಂಡ್ ಎಂಬುದು ಗೊತ್ತಿತ್ತು, ಎಷ್ಟು ಜನ ಹೋದರು ಎಂಬುದು ಶೇಕಡಾವಾರು ಬಾಯಿಪಾಠವಾಗಿತ್ತು, ಅಪ್ಪನ ಮಾತು ಮಾತ್ರ ನೆನಪಿರಲಿಲ್ಲ. ಮಗು ಏಳದಿರಲಿ ಎಂದು ರಾತ್ರಿ ಹೊತ್ತು ಧ್ವನಿ ಆರಿಸಿ ಎಡಿಟ್ ಮಾಡುತ್ತಿದ್ದರಂತೆ. ತುಟಿ ಅಲ್ಲಾಡುವುದು ನೋಡಿ ಕತ್ತರಿಸುತ್ತಿದ್ದರು.

ಮೊಬೈಲ್ ಮೇಜಿನ ಮೇಲಿಟ್ಟು, ಧ್ವನಿ ಪೂರ್ತಿ ಏರಿಸಿ, ವಿಡಿಯೊ ಹಾಕಿದೆವು. ಒಲೆಯ ಹೊಗೆ, ಬಾಣಲೆ, ಹಿಂದೆ ಯಾರೋ ಕೆಮ್ಮುವುದು. ಬನಿಯನ್ ತೊಟ್ಟ ಮುದುಕರೊಬ್ಬರು ಚೌಕಟ್ಟಿನೊಳಗೆ ಅರ್ಧ ಬಂದು, ಕ್ಯಾಮೆರಾ ನೋಡದೆ, ನಿಧಾನವಾಗಿ ಹೇಳಿದರು: "ಮರಳು ಕಾದಿದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಒಂದು ಹಿಡಿ ಅಕ್ಕಿ ಹಾಕಬೇಕು. ಕಿವಿ ಕೊಡಬೇಕು. ಹಸಿ ಇದ್ದರೆ ಮಣ್ಣಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಹದ ಬಂದರೆ ತಗಡಿನ ಮೇಲೆ ಬಿದ್ದ ಹಾಗೆ." ಆಮೇಲೆ ಉಪ್ಪುನೀರು ಹಿಡಿಸಿದ ಅಕ್ಕಿ ಒಂದು ಹಿಡಿ ಎಸೆದರು. ಕ್ಷಣದಲ್ಲಿ ಬಾಣಲೆ ಬೆಳ್ಳಗಾಯಿತು.

ಖಾರ ಮಂಡಕ್ಕಿ, ಮಿರ್ಚಿ ತಿಂದೇ ಬೆಳೆದವಳು ನಾನು. ಈ ಮಾತನ್ನು ಎಲ್ಲಿಯೂ ಕೇಳಿರಲಿಲ್ಲ. ಮಂಜುನಾಥ ಮತ್ತೆ ಹಿಂದಕ್ಕೆ ಎಳೆದು ಕೇಳಿದರು, ಇನ್ನೊಮ್ಮೆ ಕೇಳಿದರು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆ ಭೇಟಿಯ ಶುಲ್ಕ ತೆಗೆದುಕೊಳ್ಳುವಾಗ ನನಗೆ ಸಂಕೋಚವಾಯಿತು, ನಾನು ಮಾಡಿದ್ದು ಏನೂ ಇರಲಿಲ್ಲ.

ಅದರ ನಂತರ ಕೊಟ್ಟ ಸಲಹೆಗೆ ನನ್ನ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂದಿದೆ. "ಚಾನೆಲ್ ಮುಚ್ಚಿ ಎಂದು ಯಾಕೆ ಹೇಳಲಿಲ್ಲ?" ಎಂಬುದು ಮುಖ್ಯ ಆಕ್ಷೇಪ. ಹೇಳಬಹುದಿತ್ತು. ಯಾವಾಗ ಕಾಳು ಬೀಳುತ್ತದೆಂದು ತಿಳಿಯದ ಗುಂಡಿಯನ್ನು ಪಾರಿವಾಳ ಬಿಡದೆ ಕುಕ್ಕುತ್ತದೆ ಎಂದು ಮನಃಶಾಸ್ತ್ರಜ್ಞ ಸ್ಕಿನ್ನರ್ ತೋರಿಸಿ ಎಷ್ಟೋ ದಶಕಗಳಾದವು. ಮೂರು ಲಕ್ಷದ ಆ ಒಂದು ತುಣುಕು ಮಂಜುನಾಥರಿಗೆ ಬಿದ್ದ ಕಾಳು, ರಾತ್ರಿ ಎರಡು ಗಂಟೆಯ ಬಚ್ಚಲುಮನೆ ಆ ಕುಕ್ಕುವಿಕೆ. ಇಷ್ಟು ಒಪ್ಪುತ್ತೇನೆ. ಆದರೆ ಜಗಳೂರು ಕಡೆಯ ರೈತನಿಗೆ ಮಳೆ ಕೈಕೊಟ್ಟಿತೆಂದು ಬೇಸಾಯವನ್ನೇ ಬಿಡು ಎಂದು ನಾವು ಹೇಳುವುದಿಲ್ಲ. ನಡುರಾತ್ರಿ ಎದ್ದು ಮೋಡ ನೋಡಬೇಡ ಎನ್ನುತ್ತೇವೆ. ಈ ಮನುಷ್ಯನಿಗೆ ಚಿತ್ರ ಹಿಡಿಯುವ ಕಣ್ಣಿದೆ. ಲೆಕ್ಕದ ಪುಸ್ತಕದ ಆಚೆಗೆ ಅವರು ತಮ್ಮದೆಂದು ಮಾಡುವ ಕೆಲಸ ಇದೊಂದೇ. ಅದನ್ನು ಕಿತ್ತುಕೊಂಡರೆ ನಿದ್ದೆ ಬರಬಹುದು, ಎದ್ದ ಮೇಲೆ ಏನು?

ಹಾಗಾಗಿ ಎರಡು ಖಾತೆ ತೆರೆಯಿರಿ ಎಂದೆ, ಅವರ ಭಾಷೆಯಲ್ಲೇ. ಒಂದು, ಸಂಖ್ಯೆಗಾಗಿ ಮಾಡುವ ವಿಡಿಯೊ: ಮಿರ್ಚಿ, ಬೆಣ್ಣೆ ದೋಸೆ, ಜಾತ್ರೆ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ, ಅಲ್ಲಿ ಗ್ರಾಫ್ ನೋಡಿ ತಿದ್ದಿಕೊಳ್ಳಲಿ. ಇನ್ನೊಂದು, ತಂದೆಯೊಂದಿಗೆ ಮಾಡುವುದು. ಅದರ ಗ್ರಾಫ್ ತೆರೆಯುವಂತಿಲ್ಲ. ಚಿತ್ರೀಕರಣಕ್ಕೆ ಮುಂಚೆ ಯಾಕೆ ತೆಗೆಯುತ್ತಿದ್ದೇನೆ ಎಂದು ಒಂದು ಸಾಲು ಬರೆದಿಡಬೇಕು, ಮುಗಿದ ಮೇಲೆ ಆ ಸಾಲನ್ನಷ್ಟೇ ಓದಬೇಕು. ಸ್ಟುಡಿಯೋ ಆ್ಯಪ್‌ಗೆ ಭಾನುವಾರ ಊಟದ ನಂತರ ಅರ್ಧ ಗಂಟೆ, ಹೆಂಡತಿ ಪಕ್ಕದಲ್ಲಿ ಕುಳಿತಿರುವಾಗ. ಉಳಿದ ದಿನ ನೋಟಿಫಿಕೇಶನ್ ಬಂದ್. ತಂದೆಯ ಬೊಚ್ಚು ಬಾಯಿಯನ್ನು ಆಡಿಕೊಂಡ ಕಾಮೆಂಟ್‌ಗಳೂ ಇದ್ದವು. ಕೆಲವು ಪದಗಳನ್ನು ಮೊದಲೇ ತಡೆಹಿಡಿಯುವ ಸೌಲಭ್ಯ ಯೂಟ್ಯೂಬ್‌ನಲ್ಲಿಯೇ ಇದೆ, ಅದನ್ನು ಬಳಸಲು ಹೇಳಿದೆ.

ಬಳೆಯ ವಿಷಯದಲ್ಲಿ ನಾನು ಸೌಮ್ಯವಾಗಿರಲಿಲ್ಲ. ಕಾಗದ ತರಿಸಿ ಇಬ್ಬರನ್ನೂ ಕೂರಿಸಿ ಲೆಕ್ಕ ಹಾಕಿಸಿದೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ದೊಡ್ಡ ವಿಡಿಯೊದ ಜಾಹೀರಾತು ಆದಾಯದಲ್ಲಿ ಶೇ 55 ಮಾಡಿದವರಿಗೆ. ಅದೂ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಬರುವುದಿಲ್ಲ. ಇವರ ಗಂಟೆಗಳು ಆ ವರ್ಷ 600 ದಾಟಿರಲಿಲ್ಲ. ಲೆಕ್ಕ ಬರೆಯುವವರಿಗೆ ನಾನು ಮತ್ತೇನೂ ಹೇಳಬೇಕಾಗಲಿಲ್ಲ. ಬಳೆ ಬಳೆಯಾಗಿಯೇ ಉಳಿಯಿತು.

ಹೆಚ್ಚು ಚರ್ಚೆಯಾದದ್ದು ನನ್ನ ಕೊನೆಯ ಸಲಹೆ: ತೆಗೆಯುವ ಮುಂಚೆ ತಂದೆಯನ್ನು ಕೇಳಿ, ಕತ್ತರಿಸುವ ಮುಂಚೆ ತೋರಿಸಿ. "ಹೆತ್ತ ಅಪ್ಪನನ್ನು ಅನುಮತಿ ಕೇಳುವುದೇ?" ಎಂದು ಮಂಜುನಾಥರೇ ನಕ್ಕರು. ಸಣ್ಣ ಮಟ್ಟದಲ್ಲಿ ವಿಡಿಯೊ ಮಾಡುವವರ ಬಳಿ ಸ್ಟುಡಿಯೋ ಇಲ್ಲ, ನಟರಿಲ್ಲ. ಇರುವುದು ಮನೆ, ಮಗು, ಮುದಿ ತಂದೆತಾಯಿ. ಅವರೇ ಸಾಮಗ್ರಿ. ತರಕಾರಿ ಹೆಚ್ಚುವಾಗ ಯಾರೂ ಬದನೆಕಾಯಿಯನ್ನು ಕೇಳುವುದಿಲ್ಲ, ನಿಜ. ಆದರೆ ಬದನೆಕಾಯಿ ಚಹಾ ಅಂಗಡಿಗೆ ಹೋಗುವುದಿಲ್ಲ. ಕೇಳಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ, ಮಕ್ಕಳ ವಿಷಯದಲ್ಲಂತೂ ಒಪ್ಪಿಗೆಯೂ ಸಾಲದು ಎನ್ನುವವಳು ನಾನು.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ನಿದ್ದೆ ಪೂರ್ತಿ ಹೋಗಿದ್ದರೆ, ಬದುಕೇ ಬೇಡ ಎನ್ನಿಸುವ ಮಟ್ಟಕ್ಕೆ ಮುಟ್ಟಿದ್ದರೆ, ಎರಡು ಖಾತೆಯ ಉಪಾಯ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಂಜುನಾಥರ ಸ್ಥಿತಿ ಅಲ್ಲಿಗೆ ಹೋಗಿರಲಿಲ್ಲ.

ಅವರು ಪೂರ್ತಿ ಸರಿಹೋದರು ಎಂದು ಬರೆಯಲಾರೆ. ಮೊದಲ ತಿಂಗಳಲ್ಲಿ ಎರಡು ಬಾರಿ ನಿಯಮ ಮುರಿದು ರಾತ್ರಿ ಎದ್ದು ನೋಡಿದ್ದರು, ಹೆಂಡತಿಯ ಕೈಗೆ ಸಿಕ್ಕಿಬಿದ್ದಿದ್ದರು. ಚಂದಾದಾರರ ಸಂಖ್ಯೆ ಇನ್ನೂ ಸಾವಿರ ಮುಟ್ಟಿಲ್ಲ.

ಕಳೆದ ತಿಂಗಳು ತಂದೆ ಮಗ ಇಬ್ಬರೂ ಬಂದಿದ್ದರು. ಮಗ ಒಳಗೆ ಬಂದರು, ಮುದುಕರು ಹೊರಗಿನ ಬೆಂಚಿನಲ್ಲೇ ಕುಳಿತರು. ಹೊಸ ವಿಡಿಯೊ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದ್ದರಂತೆ. ತಂದೆ ಮೊಬೈಲನ್ನು ಕಿವಿಗೆ ಹತ್ತಿರ ಹಿಡಿದು ಎರಡು ಸಲ ಕೇಳಿ, ಹಿಂತಿರುಗಿಸಿ, "ಸದ್ದು ಸರಿಯಾಗಿ ಬಂದಿಲ್ಲ. ತಗಡಿನ ಮೇಲೆ ಬಿದ್ದ ಹಾಗೆ ಕೇಳುತ್ತಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಬಾ, ಇನ್ನೊಮ್ಮೆ ತೆಗೆ" ಎಂದರಂತೆ.

"ಹೋದಿರಾ?" ಎಂದೆ.

"ನಾಲ್ಕು ದಿನದಿಂದ ಹೋಗುತ್ತಿದ್ದೇನೆ ಮೇಡಂ" ಎಂದರು ಮಂಜುನಾಥ. "ಅಪ್ಪ ಇನ್ನೂ ಒಪ್ಪಿಲ್ಲ."