ಅಜ್ಜನ ಟ್ರಂಕು ಗುಜರಿಗೆ ಹೋಗಬೇಕೇ?

(ಮಂಗಳೂರಿನ ಹಳೆ ಬಂದರಿನಲ್ಲಿ ಹುಟ್ಟಿ, ಈಗ ಬೆಂಗಳೂರಿನ ಮಗನ ಮನೆಯಲ್ಲಿರುವ ನಿವೃತ್ತ ಮಾಷ್ಟ್ರೊಬ್ಬರ ಪತ್ರ: "ನನ್ನ ಅಜ್ಜ ಬಂದರಿನ ಮಂಡಿಯೊಂದರಲ್ಲಿ ಗುಮಾಸ್ತರು. ಅವರ ಲೆಕ್ಕದ ಪುಸ್ತಕಗಳು ಒಂದು ಟ್ರಂಕು ತುಂಬ ಇವೆ. ಅಜ್ಜನ ಫೋಟೋ ಇದ್ದರೆ ಸಾಕು, ಉಳಿದದ್ದು ಗುಜರಿಗೆ ಹಾಕಿ ಅಂತಾನೆ ಮಗ. ನಮ್ಮದೇನು ದೊಡ್ಡ ಮನೆತನವಲ್ಲ. ಇಟ್ಟುಕೊಂಡು ಏನು ಮಾಡಲಿ?")

ಮಾಷ್ಟ್ರೇ, ನಿಮ್ಮ ಮಗ ಹೇಳುವುದರಲ್ಲೂ ಅರ್ಥವಿದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಟ್ರಂಕು ಇಡುವುದೆಲ್ಲಿ? ಗೆದ್ದಲಿನ ಕಾಟ ಬೇರೆ. ಅವರ ಪರವಾಗಿ ಇಷ್ಟು ಸಾಕು.

ಆದರೆ "ದೊಡ್ಡ ಮನೆತನವಲ್ಲ" ಅಂದಿರಲ್ಲ, ಅದಕ್ಕೆ ನನಗೆ ಸಿಟ್ಟು ಬಂತು. ಶಾಲೆಯಲ್ಲಿ ಪಾಠ ಹೇಳಿದವರು ಹೀಗನ್ನಬಹುದೇ?

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಇದ್ದ. ಇಲ್ಲಿಂದ ಅಡಿಕೆ, ಮೆಣಸು, ಕಬ್ಬಿಣವನ್ನು ಯೆಮೆನ್‌ನ ಬಂದರು ಏಡನ್ನಿಗೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅವನ ಕೆಲಸದಾಳು, ಹೆಸರು ಬೊಮ್ಮ ಅಂತ ಓದುತ್ತಾರೆ, ಏಡನ್ನಿಗೆ ಹೋಗಿ ಕುಡಿದು ದುಡ್ಡಿಗೆ ಪೀಡಿಸಿದನಂತೆ! ಇದೆಲ್ಲ ಯಾವ ಶಾಸನದಲ್ಲೂ ಇಲ್ಲ. ಅವನ ಪತ್ರ, ಚೀಟಿ, ಲೆಕ್ಕಗಳಿಂದ ತಿಳಿದದ್ದು. ದೇವರ ಹೆಸರಿರಬಹುದಾದ ಕಾಗದವನ್ನು ಬಿಸಾಡಬಾರದು ಅಂತ ಕೈರೋದ ಯಹೂದಿಗಳು ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ತುಂಬಿಟ್ಟಿದ್ದರು. ಹಾಗಾಗಿ ಅವನ ಕಾಗದಗಳೂ ಉಳಿದವು. ಅಲ್ಲಿ ಯಾರ ಮಗನೂ ಗುಜರಿಯವನನ್ನು ಕರೆಯಲಿಲ್ಲ, ನಮ್ಮ ಪುಣ್ಯ.

ನಿಮ್ಮ ಅಜ್ಜ ಯಾವ ಬಂದರಿನ ಲೆಕ್ಕ ಬರೆದರು ಅಂತ ನೆನಪಿದೆಯಲ್ಲ? ಹಬೆ ಹಡಗುಗಳು ಒಳಗೆ ಬರುತ್ತಿರಲಿಲ್ಲ, ಸಮುದ್ರದಲ್ಲೇ ನಿಲ್ಲುತ್ತಿದ್ದವು. ಧಕ್ಕೆಯಿಂದ, ಅಂದರೆ ದಡದ ಕಟ್ಟೆಯಿಂದ, ಮಂಜಿ ಎಂಬ ಹಾಯಿ ಹಡಗು, ದೋಣಿಗಳೇ ಸರಕು ತುಂಬಿಕೊಂಡು ಹೊಳೆ ಸಮುದ್ರ ಸೇರುವ ಅಳಿವೆಬಾಗಿಲು ದಾಟಿ ಹೋಗಬೇಕಿತ್ತು. 1865ರಲ್ಲಿ ಬಾಸೆಲ್ ಮಿಷನಿನವರು ಜೆಪ್ಪಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಗೆ ಮಣ್ಣು ಬಂದದ್ದು ಹೊಳೆಯಿಂದ, ಹಂಚು ಹೋದದ್ದೂ ನೀರಿನ ದಾರಿಯಲ್ಲೇ. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪದವರು ತೆಂಗಿನ ಹುರಿ ತಂದು ಅಕ್ಕಿ ಒಯ್ಯುತ್ತಿದ್ದರು. ಈಗಲೂ ಲಕ್ಷದ್ವೀಪಕ್ಕೆ ತರಕಾರಿ ಹೋಗುವುದು ಇದೇ ಧಕ್ಕೆಯಿಂದ.

ಇಂಥದೇ ಒಂದು ಪುಸ್ತಕವನ್ನು ಒಬ್ಬರು ನನಗೆ ತೋರಿಸಿದ್ದರು. ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಮೇಲೆ "ಶ್ರೀ", ಕೆಳಗೆ ಅಕ್ಕಿ ಮುಡಿಗಳ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆಗಳ) ಲೆಕ್ಕ, ಮೂರು ಕಳಸೆ ಅಳತೆಗೊಂದು ಮುಡಿ. ಅಂಚಿನಲ್ಲಿ ಸಣ್ಣಗೆ: "ಗಾಳಿ ಜೋರು. ಮಂಜಿ ಹೊರಡಲಿಲ್ಲ." ಇನ್ನೊಂದು ಪುಟದಲ್ಲಿ ಹೊರೆಯಾಳೊಬ್ಬನಿಗೆ ಮಗಳ ಮದುವೆಗೆ ಕೊಟ್ಟ ಮುಂಗಡ. ಅದನ್ನು ಒಂದು ಸಂಸ್ಥೆಗೆ ಕೊಡಲು ಹೋದೆವು. "ತಾಳೆಗರಿ ಇದ್ದರೆ ತನ್ನಿ, ಲೆಕ್ಕದ ಪುಸ್ತಕ ಬೇಡ" ಅಂದರು!

ನಮ್ಮ ಕಥೆಯೇ ಇಷ್ಟು. ಉಳ್ಳಾಲದ ಅಬ್ಬಕ್ಕನ ಪಾಠ ಬೇಕು, ಖಂಡಿತ ಬೇಕು. ಆದರೆ ಅವಳ ಕಾಲದಲ್ಲಿ ಅಕ್ಕಿ ಹೊತ್ತವರು ಯಾರು ಅಂತ ಯಾವ ಮಗುವೂ ಕೇಳುವುದಿಲ್ಲ. ಸರ್ಕಲ್ಲಿಗೆ ಯಾರ ಹೆಸರಿಡಬೇಕು ಅಂತ ಜಗಳಕ್ಕೆ ಎಲ್ಲರೂ ರೆಡಿ. ಹಳೆ ಗೋದಾಮಿನ ಮಾಡು ಕುಸಿದರೆ ಕೇಳುವವರಿಲ್ಲ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು, ಹಳೆಯದು ಜನರ ಬಾಯಲ್ಲಿ ಸುಮ್ನೆ ಮೀನಿನ ಧಕ್ಕೆ ಆಗಿಬಿಟ್ಟಿತು. ತುಳು, ಬ್ಯಾರಿ, ಕೊಂಕಣಿ, ಗುಜರಾತಿ ಎಲ್ಲ ಒಂದೇ ಬೀದಿಯಲ್ಲಿ ಚೌಕಾಸಿ ಮಾಡುತ್ತಿದ್ದ ಜಾಗ ಅದು, ಅಲ್ವಾ?

ಪುಸ್ತಕಗಳಿಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಒಣ ಜಾಗದಲ್ಲಿಡಿ. ಪುಟ ಪುಟವೂ ಫೋಟೋ ತೆಗೆಯುವ ಕೆಲಸ ಮಗನಿಗೇ ಕೊಡಿ, ಫೋಟೋ ಸಾಕು ಅಂದವರು ಅವರೇ ತಾನೇ? ಮತ್ತೆ ನನಗೊಂದು ಉಪಕಾರ. 1956ರ ನವೆಂಬರ್ 1ಕ್ಕೆ ಅಮಿನಿ, ಕಡಮತ್ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಿಂದ ಹೊರಗೆ ಹೋದವು. ಆ ತಿಂಗಳ ಪುಸ್ತಕ ಟ್ರಂಕಿನಲ್ಲಿದ್ದರೆ ತೆಗೆದು ನೋಡಿ. ಹುರಿಯ ವ್ಯಾಪಾರ ಏನಾಯಿತು ಅಂತ ಅಜ್ಜ ಏನಾದರೂ ಬರೆದಿದ್ದಾರಾ? ಇದ್ದರೆ ಆ ಪುಟ ಮೊದಲು ಕಳಿಸಿ, ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ.

— ಸಂ.